ಇಸಿಜಿ ನಾರ್ಮಲ್, ಆದರೂ ಎದೆ ಝಲ್ ಅನ್ನುತ್ತದೆ: ಇದು ಎದೆಯದ್ದೋ, ಮಿದುಳಿನದ್ದೋ?

ಕುಂದವಾಡ ಕೆರೆ ವಾಕರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಐದು ತಿಂಗಳಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ವಿಷಯ ಇದು.

ನಾನು ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಯುಗಾದಿ ವ್ಯಾಪಾರ ಮುಗಿದು ಎರಡು ದಿನ ಆಗಿತ್ತು. ಮಧ್ಯಾಹ್ನ ಊಟ ಮಾಡಿ ಬಿಲ್ ಬುಕ್ ತೆರೆದೆ. ಒಂದು ಬಿಲ್ ಕೂಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎದೆ ಝಲ್ ಎಂದಿತು. ಆಮೇಲೆ ನಿಲ್ಲಲೇ ಇಲ್ಲ. ಡವಡವ, ಡವಡವ. ಬೆರಳ ತುದಿಯೆಲ್ಲ ಜುಮುಜುಮು. ತುಟಿಯ ಸುತ್ತ ಜೋಮು ಹಿಡಿದ ಹಾಗೆ. ಪೆನ್ನು ಕೈಜಾರಿ ಬಿಲ್ ಬುಕ್ ಮೇಲೆ ಬಿತ್ತು. ಎತ್ತಿಕೊಳ್ಳೋಣ ಅಂದರೆ ಬೆರಳು ಮಡಚುತ್ತಿಲ್ಲ. ಸಾಯುತ್ತಿದ್ದೇನೆ ಅನ್ನುವುದರಲ್ಲಿ ನನಗೆ ಒಂಚೂರೂ ಅನುಮಾನ ಇರಲಿಲ್ಲ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು. ಅದೊಂದೇ ನೆನಪಾಯಿತು.

ಅಂಗಡಿಯ ಹುಡುಗ ಆಟೋ ಕರೆದ. ದಾರಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ಹೋಗುತ್ತಿತ್ತು. ಬೇರೆ ಏನೂ ತೋಚದೆ ಡಬ್ಬಿ ಎಣಿಸತೊಡಗಿದೆ. ನಲವತ್ತು ದಾಟುವಷ್ಟರಲ್ಲಿ ಎದೆಬಡಿತ ಸ್ವಲ್ಪ ಇಳಿದಿತ್ತು.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದರು. ಎಲ್ಲಾ ನಾರ್ಮಲ್. ಡ್ಯೂಟಿ ಡಾಕ್ಟರು ಕಾಗದದಿಂದ ತಲೆ ಎತ್ತದೆ, "ಏನೂ ಇಲ್ಲಮ್ಮ, ಎಲ್ಲಾ ನಿಮ್ಮ ಮನಸ್ಸಿನದು, ಟೆನ್ಷನ್ ಮಾಡ್ಕೋಬೇಡಿ" ಎಂದರು. ಮನೆಯವರಿಗೆಲ್ಲ ಖುಷಿ. ನನಗೆ ಮಾತ್ರ ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ನಾಚಿಕೆ. ಆಮೇಲೆ ಎರಡು ಸಲ ಹೀಗೇ ಆಯಿತು. ಎರಡೂ ಸಲ ಯಾರಿಗೂ ಹೇಳಲಿಲ್ಲ, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಕೊನೆಗೆ ತಂಗಿ ಬಲವಂತ ಮಾಡಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ಪ್ಯಾನಿಕ್ ಅಟ್ಯಾಕ್ ಎಂದರು. "ನಿಮಗೆ ಆಗಿದ್ದು ಪೂರ್ತಿ ನಿಜ" ಎಂದೂ ಹೇಳಿದರು. ಆ ಒಂದು ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ.

ಆವತ್ತಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ಮಾತನ್ನೇ ನೋಡಿ. ಭಯ ಆದರೆ ಎದೆ ಝಲ್ ಅನ್ನುತ್ತದೆ, ಜೀವ ಬಾಯಿಗೆ ಬರುತ್ತದೆ. ಕೆಟ್ಟ ಸುದ್ದಿ ಕೇಳಿದರೆ ಕೈಕಾಲು ತಣ್ಣಗಾಗುತ್ತವೆ. ಮಗು ಬಿದ್ದರೆ ಕರುಳು ಚುರುಕ್ ಅನ್ನುತ್ತದೆ. ಅಸೂಯೆ ಅಂದರೆ ಹೊಟ್ಟೆಕಿಚ್ಚು. ಸಿಟ್ಟು ನೆತ್ತಿಗೇರುತ್ತದೆ. ಸಮಾಧಾನ ಆದರೆ ಹೊಟ್ಟೆ ತಣ್ಣಗಾಯಿತು ಅಂತೀವಿ. ಒಂದಾದರೂ ಮೈ ಬಿಟ್ಟು ಇದೆಯಾ? ಹೀಗಿರುವಾಗ ಡಾಕ್ಟರು "ಮನಸ್ಸಿನದು" ಅಂದ ಕೂಡಲೇ ಅದು ಮೈಯದ್ದಲ್ಲ, ಹಾಗಾಗಿ ಸುಳ್ಳು ಅಂತ ಹೇಗಾಗಿಬಿಡುತ್ತದೆ? ಮಿದುಳಿನ ವಿಜ್ಞಾನ ಇದಕ್ಕೆ ಏನು ಹೇಳುತ್ತದೆ? ತಿಳಿದವರು ದಯವಿಟ್ಟು ಬರೆಯಿರಿ.


ದುರ್ಗದ ಮೇಷ್ಟ್ರು, ಚಿತ್ರದುರ್ಗ

ತಂಗಿ, ನಿಮ್ಮ ಪ್ರಶ್ನೆ ಓದಿ ಎದ್ದು ಕೂತೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವನು ನಾನು. ಮಿದುಳಿನ ಚಿತ್ರ ಬೋರ್ಡ್ ಮೇಲೆ ಬರೆದು ಭಾಗ ಗುರುತಿಸಿ ಅಂದಿದ್ದೇ ಜಾಸ್ತಿ. ಅದು ಮೈಯ ಜೊತೆ ದಿನವಿಡೀ ಮಾತಾಡುತ್ತಿರುತ್ತದೆ ಅಂತ ಸರಿಯಾಗಿ ಹೇಳಲಿಲ್ಲ ಅನ್ನುವ ಕೊರಗು ಈಗಲೂ ಇದೆ.

ಮೊದಲು ನನ್ನ ಅನುಭವ ಒಂದು. ಜೋಗಿಮಟ್ಟಿ ಕಡೆ ಬೆಳಗಿನ ಜಾವ ನಡೆದು ಹೋಗುತ್ತಿದ್ದೆ. ಮಂಜು ಇತ್ತು. ತಿರುವಿನಲ್ಲಿ ಕಪ್ಪಗೆ ಗುಂಡಗೆ ಏನೋ ಕಂಡಿತು. ಕಾಲು ನಿಂತೇ ಹೋಯಿತು. ಬೆನ್ನು ಬೆವತಿತು. ಕರಡಿ ಅನ್ನುವ ಪದ ತಲೆಗೆ ಬಂದಿದ್ದು ಆಮೇಲೆ. ಅದು ಬಂಡೆ ಅಂತ ಗೊತ್ತಾಗಿದ್ದು ಇನ್ನೂ ಆಮೇಲೆ. ಅಷ್ಟಾದರೂ ಎದೆ ಐದು ನಿಮಿಷ ಬಡಿದುಕೊಳ್ಳುತ್ತಲೇ ಇತ್ತು.

ಹೀಗೇಕೆ ಅಂದರೆ, ಕಣ್ಣು ಕಂಡಿದ್ದು ಮಿದುಳಿನೊಳಗೆ ಎರಡು ದಾರಿ ಹಿಡಿಯಬಹುದು. ಒಂದು ಸೀಳುದಾರಿ, ನೇರ ಅಮಿಗ್ಡಲಾಕ್ಕೆ. ಅದು ಬಾದಾಮಿಯಷ್ಟು ಗಾತ್ರದ್ದು, ಎರಡು ಕಿವಿಯ ನೇರಕ್ಕೆ ಒಳಗೆ ಎಡಕ್ಕೊಂದು ಬಲಕ್ಕೊಂದು ಇದೆ. ಇನ್ನೊಂದು ಸುತ್ತುದಾರಿ, ಮಿದುಳಿನ ಹೊರಪದರದ ಮೂಲಕ. ಅಲ್ಲಿ ವಿವರ ನೋಡಿ ಬಂಡೆಯೋ ಕರಡಿಯೋ ತೀರ್ಮಾನ ಆಗುತ್ತದೆ. ಜೋಸೆಫ್ ಲೆಡೂ ಅನ್ನುವ ವಿಜ್ಞಾನಿ ಇಲಿಗಳಿಗೆ ಶಬ್ದ ಕೇಳಿಸಿ ಇಂಥ ಎರಡು ದಾರಿಗಳನ್ನು ಹುಡುಕಿ ತೋರಿಸಿದರು. ಸೀಳುದಾರಿಯ ಸುದ್ದಿ ಒರಟು, ಆದರೆ ಬೇಗ ಮುಟ್ಟುತ್ತದೆ. ಅಮಿಗ್ಡಲಾ ಗಂಟೆ ಬಾರಿಸಿದರೆ ಅಡ್ರಿನಾಲಿನ್ ಹರಿಯುತ್ತದೆ, ಎದೆ ಓಡುತ್ತದೆ, ಉಸಿರು ಜೋರಾಗುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ತಯಾರಾಗುತ್ತದೆ. ನಿಮ್ಮ ಬಿಲ್ ಬುಕ್ ಮುಂದೆ ಕರಡಿ ಇರಲಿಲ್ಲ, ಗಂಟೆ ಮಾತ್ರ ಬಾರಿಸಿತು. ಓಡದೆ ಕುರ್ಚಿಯಲ್ಲೇ ಕೂತು ಜೋರಾಗಿ ಉಸಿರಾಡಿದಿರಿ. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮು ಅನ್ನುವುದು, ತುಟಿ ಜೋಮು ಹಿಡಿಯುವುದು, ಬೆರಳು ಸೆಟೆದುಕೊಳ್ಳುವುದು ಎಲ್ಲಾ ಅದರಿಂದ. ಇಸಿಜಿಯಲ್ಲಿ ಅದು ಕಾಣುವುದಿಲ್ಲ. ಆದರೆ ನಡೆದಿದ್ದು ನಡೆದಿದ್ದೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. 1884ರಲ್ಲೇ ವಿಲಿಯಂ ಜೇಮ್ಸ್ ಎಂಬುವರು ಒಂದು ತಲೆಕೆಳಗಾದ ಮಾತು ಹೇಳಿದರು. ಭಯ ಆಗಿ ಎದೆ ಬಡಿಯುವುದಲ್ಲ, ಎದೆ ಬಡಿಯುವುದನ್ನು ನಾವು ಅನುಭವಿಸುವುದೇ ಭಯ ಅಂತ. ಅವರು ಹೇಳಿದ್ದು ಪೂರ್ತಿ ನಿಲ್ಲಲಿಲ್ಲ. ಆದರೆ ತಿರುಳು ಉಳಿಯಿತು. ಮಿದುಳಿನ ಮಡಿಕೆಯೊಳಗೆ ಇನ್ಸುಲಾ ಅಂತ ಒಂದು ಭಾಗ ಇದೆ. ಹೃದಯ, ಹೊಟ್ಟೆ, ಶ್ವಾಸಕೋಶ, ಚರ್ಮ ಕಳಿಸುವ ಸುದ್ದಿ ಅಲ್ಲಿಗೆ ಬರುತ್ತದೆ. 2004ರಲ್ಲಿ ಹ್ಯೂಗೋ ಕ್ರಿಚ್ಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಒಂದು ಪ್ರಯೋಗ ಮಾಡಿದರು. ನಾಡಿ ಮುಟ್ಟದೆ, ಸ್ಕ್ಯಾನರಿನೊಳಗೆ ಮಲಗಿ, ತಮ್ಮ ಎದೆಬಡಿತವನ್ನು ಒಳಗಿನಿಂದಲೇ ಗುರುತಿಸಬೇಕು. ಅದನ್ನು ಚೆನ್ನಾಗಿ ಗುರುತಿಸಿದವರಲ್ಲಿ ಬಲಗಡೆಯ ಇನ್ಸುಲಾ ಜಾಸ್ತಿ ಕೆಲಸ ಮಾಡುತ್ತಿತ್ತು. ಮೈಯಿಂದ ಮಿದುಳಿಗೆ ಹೋಗುವ ದೊಡ್ಡ ನರ ವೇಗಸ್. ಅದರ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುತ್ತವೆ. ಮಿದುಳು ಆಜ್ಞೆ ಕೊಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಹೆಚ್ಚು ಅನ್ನಿ.

ಹಾಗಾಗಿ "ಕರುಳು ಚುರುಕ್" ಅಂದ ನಮ್ಮ ಅಜ್ಜಿಯರು ಅಲಂಕಾರಕ್ಕೆ ಹೇಳಿದ್ದಲ್ಲ. ಆಗಿದ್ದನ್ನು ಆದ ಹಾಗೇ ಹೇಳಿದರು.


ಬಿ.ಎಸ್ಸಿ. ಕೊನೇ ವರ್ಷ, ದಾವಣಗೆರೆ

ಸರ್, ಹಾಗಾದರೆ ಅಮಿಗ್ಡಲಾ ಇಲ್ಲದಿದ್ದರೆ ಭಯವೇ ಇರುವುದಿಲ್ಲವಾ?


ದುರ್ಗದ ಮೇಷ್ಟ್ರು, ಚಿತ್ರದುರ್ಗ

ಒಳ್ಳೆ ಕಡೆ ಕೈ ಇಟ್ಟೆ ಮಗಳೇ. ಅಮೆರಿಕದಲ್ಲಿ ಒಬ್ಬ ಹೆಣ್ಣುಮಗಳು ಇದ್ದಾರೆ. ಸಂಶೋಧಕರು ಅವರ ಹೆಸರು ಹೇಳದೆ ಎಸ್‌.ಎಂ. ಅಂತ ಮಾತ್ರ ಬರೆಯುತ್ತಾರೆ. ಒಂದು ಅಪರೂಪದ ವಂಶವಾಹಿ ಕಾಯಿಲೆಯಿಂದ ಅವರ ಎರಡೂ ಅಮಿಗ್ಡಲಾ ಹಾಳಾಗಿವೆ. ಹಾವುಗಳನ್ನು ಮಾರುವ ಅಂಗಡಿಗೆ ಕರೆದೊಯ್ದರೆ ಹಾವನ್ನು ಕೈಯಲ್ಲಿ ಹಿಡಿದು ನಾಲಿಗೆ ಮುಟ್ಟಿ ನೋಡಿದರು. ಇಷ್ಟು ಕೇಳಿದರೆ ಭಯದ ಮನೆ ಅಮಿಗ್ಡಲಾನೇ ಅನ್ನಿಸುತ್ತದೆ, ಅಲ್ವಾ? ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರಿಗೆ ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದೇ ಉಸಿರು ಎಳೆಯಲು ಕೊಟ್ಟರು. ಅವರಿಗೆ ಪ್ಯಾನಿಕ್ ಆಯಿತು. ಮುಖವಾಡ ಕಿತ್ತುಹಾಕಲು ಒದ್ದಾಡಿದರು. ಅದೇ ಕಾಯಿಲೆ ಇದ್ದ ಅವಳಿ ಸೋದರಿಯರಿಗೂ ಹಾಗೇ ಆಯಿತು. ಹೊರಗಿನ ಹಾವಿಗೆ ಅಮಿಗ್ಡಲಾ ಬೇಕು. ಒಳಗಿನಿಂದ ಉಸಿರು ಕಟ್ಟಿದ ಸುದ್ದಿ ಬಂದರೆ ಭಯ ಬೇರೆ ದಾರಿಯಲ್ಲೂ ಬರುತ್ತದೆ. ಲೆಡೂ ಅವರೇ ಈಗ ಅಮಿಗ್ಡಲಾವನ್ನು ಭಯದ ಕೇಂದ್ರ ಅನ್ನಬೇಡಿ ಅನ್ನುತ್ತಾರೆ. ಅಪಾಯ ಗುರುತಿಸುವುದು ಬೇರೆ, ಭಯವಾಗುತ್ತಿದೆ ಅಂತ ನಮಗೆ ಗೊತ್ತಾಗುವುದು ಬೇರೆ.


ಮಂಡಕ್ಕಿ ಭಟ್ಟಿ, ದಾವಣಗೆರೆ

ನಾನು ಜಾಸ್ತಿ ಓದಿದವನಲ್ಲ. ನಮ್ಮದು ಭಟ್ಟಿ ಕೆಲಸ, ನಡುರಾತ್ರಿ ಎದ್ದು ಮರಳು ಕಾಯಿಸಬೇಕು. ಹತ್ತು ವರ್ಷದಿಂದ ಸರಿಯಾದ ನಿದ್ದೆ ಇಲ್ಲ. ಮನೆಗೆ ಹೋದರೆ ಸಣ್ಣದಕ್ಕೂ ಸಿಟ್ಟು ನೆತ್ತಿಗೇರುತ್ತದೆ. ಮಗ ಲೋಟ ಬೀಳಿಸಿದ ಅಂತ ಹೊಡೆದೆ. ಹೊಡೆದ ಕೈ ನೋಡಿಕೊಂಡು ಆಮೇಲೆ ಊಟ ಸೇರಲಿಲ್ಲ. ಇದಕ್ಕೂ ಮಿದುಳಿಗೂ ಏನಾದರೂ ಇದೆಯಾ?


ದುರ್ಗದ ಮೇಷ್ಟ್ರು, ಚಿತ್ರದುರ್ಗ

ಇದೆ ಅಣ್ಣ. 2007ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ ಕೆಲವರನ್ನು ಸುಮಾರು 35 ಗಂಟೆ ನಿದ್ದೆಯಿಲ್ಲದೆ ಇರಿಸಿದರು. ಕೆಟ್ಟ ಚಿತ್ರ ತೋರಿಸಿದಾಗ ಅವರ ಅಮಿಗ್ಡಲಾ, ನಿದ್ದೆ ಮಾಡಿದವರಿಗಿಂತ ಶೇಕಡಾ 60ರಷ್ಟು ಹೆಚ್ಚು ಕೆರಳಿತು. ಹಣೆಯ ಹಿಂದಿನ ಭಾಗ ಅದಕ್ಕೆ "ಇರು, ಇರು" ಅಂತ ಲಗಾಮು ಹಾಕಬೇಕು. ನಿದ್ದೆಗೆಟ್ಟಾಗ ಆ ಲಗಾಮು ಸಡಿಲ. ನಿಮ್ಮ ಸ್ವಭಾವ ಕೆಟ್ಟಿಲ್ಲ. ಭಟ್ಟಿಯಿಂದ ಬಂದ ಮೇಲೆ ಮಾತಿಗೆ ಮೊದಲು ನಿದ್ದೆ ಮಾಡಲು ಮನೆಯವರಿಗೆ ಹೇಳಿ ಒಂದು ವ್ಯವಸ್ಥೆ ಮಾಡಿಕೊಳ್ಳಿ. ಮಗನ ಹತ್ತಿರ ತಪ್ಪಾಯಿತು ಅಂತಲೂ ಹೇಳಿ. ಅದು ಅವನಿಗೂ ಬೇಕು, ನಿಮಗೂ ಬೇಕು.


ಅರಿವಿನ ದಾರಿ, ಚಿತ್ರದುರ್ಗ

ಇಷ್ಟೆಲ್ಲ ಓದಿದೆ. ನನಗೆ ಒಂದು ತಕರಾರು ಇದೆ. ನಮ್ಮದು ಶರಣರ ನಾಡು. "ಅರಿವು" ಅನ್ನುವ ಪದಕ್ಕೆ ಇಲ್ಲಿ ಎಂಥ ತೂಕ ಇದೆ ಅಂತ ನಿಮಗೂ ಗೊತ್ತು. ಅದನ್ನು ತಂದು ಇನ್ಸುಲಾ, ರಾಸಾಯನಿಕ ಅಂತ ಇಳಿಸಿಬಿಟ್ಟರೆ ಏನು ಉಳಿಯುತ್ತದೆ? ಸ್ಕ್ಯಾನರಿನಲ್ಲಿ ಬಣ್ಣ ಕಂಡಿತು ಅಂದ ಮಾತ್ರಕ್ಕೆ ಅರಿವು ಸಿಕ್ಕಿತಾ?


ದುರ್ಗದ ಮೇಷ್ಟ್ರು, ಚಿತ್ರದುರ್ಗ

ಸಿಕ್ಕಿಲ್ಲ. ನೀವು ಹೇಳಿದ್ದನ್ನು ವಿಜ್ಞಾನಿಗಳೇ ಒಪ್ಪುತ್ತಾರೆ. 1998ರಲ್ಲಿ ಕ್ರಿಸ್ಟಾಫ್ ಕಾಕ್ ಎಂಬ ಮಿದುಳು ವಿಜ್ಞಾನಿ, ಡೇವಿಡ್ ಚಾಮರ್ಸ್ ಎಂಬ ತತ್ವಶಾಸ್ತ್ರಜ್ಞರ ಜೊತೆ ಬಾಜಿ ಕಟ್ಟಿದರು. ಇನ್ನು 25 ವರ್ಷದಲ್ಲಿ ಅರಿವು ಮಿದುಳಿನಲ್ಲಿ ಹೇಗೆ ಹುಟ್ಟುತ್ತದೆ ಅಂತ ಸ್ಪಷ್ಟವಾಗಿ ತೋರಿಸುತ್ತೇವೆ ಅಂತ. 2023ರಲ್ಲಿ ಕಾಕ್ ಸೋಲೊಪ್ಪಿಕೊಂಡು ವೈನ್ ಬಾಟಲಿಗಳನ್ನು ಕೊಟ್ಟರು. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಮಿನುಗಿದರೆ ಒಳಗೆ "ನಾನು" ಅಂತ ಒಬ್ಬನಿಗೆ ಯಾಕೆ ಏನೋ ಅನ್ನಿಸಬೇಕು? ಅದು ಇನ್ನೂ ಬಿಡಿಸದ ಗಂಟು.

ಆದರೆ ಸ್ಕ್ಯಾನರನ್ನು ತಳ್ಳಿಹಾಕಬೇಡಿ. 2006ರಲ್ಲಿ ಏಡ್ರಿಯನ್ ಓವೆನ್ ಎಂಬುವರು ಇಂಗ್ಲೆಂಡಿನಲ್ಲಿ 23 ವರ್ಷದ ಒಬ್ಬ ಯುವತಿಯನ್ನು ಪರೀಕ್ಷಿಸಿದರು. ಅಪಘಾತದಲ್ಲಿ ಮಿದುಳಿಗೆ ಏಟು ಬಿದ್ದಿತ್ತು. ಕಣ್ಣು ತೆರೆದಿದ್ದರೂ ಯಾವುದಕ್ಕೂ ಪ್ರತಿಕ್ರಿಯೆ ಇಲ್ಲ. ಅರಿವಿಲ್ಲ ಅಂತಲೇ ಎಲ್ಲರೂ ತೀರ್ಮಾನಿಸಿದ್ದರು. ಸ್ಕ್ಯಾನರಿನಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವುದಾಗಿ ಕಲ್ಪಿಸಿಕೋ ಎಂದರು. ಆರೋಗ್ಯವಂತರ ಮಿದುಳಿನಲ್ಲಿ ಎಲ್ಲಿ ಬೆಳಗುತ್ತದೋ ಅಲ್ಲೇ ಬೆಳಗಿತು. ನಿನ್ನ ಮನೆಯ ಕೋಣೆಗಳಲ್ಲಿ ಓಡಾಡು ಎಂದರು. ಆಗಲೂ ಸರಿಯಾದ ಜಾಗವೇ. ಅವಳು ಒಳಗೆ ಇದ್ದಳು, ಕೇಳಿಸಿಕೊಳ್ಳುತ್ತಿದ್ದಳು. ಇದನ್ನು ಮೊದಲ ಸಲ ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಇದು ಅರಿವನ್ನು ಕೆಳಗಿಳಿಸಿದ ಹಾಗಾಯಿತಾ ಹೇಳಿ? ನನಗಂತೂ ಆ ಪದದ ತೂಕ ಹೆಚ್ಚೇ ಆಯಿತು.


ಅರಿವಿನ ದಾರಿ, ಚಿತ್ರದುರ್ಗ

ಆ ಹುಡುಗಿಯ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ ಮೇಷ್ಟ್ರೇ. ನಮ್ಮ ಅಮ್ಮ ಕೊನೆಗೆ ಹನ್ನೊಂದು ದಿನ ಮಾತಿಲ್ಲದೆ ಮಲಗಿದ್ದರು. ನಾವು ಅವರ ಮಂಚದ ಪಕ್ಕದಲ್ಲೇ ಜಮೀನಿನ ಪಾಲಿನ ಮಾತಾಡಿದೆವು.


ಚಳ್ಳಕೆರೆ ಶೇಂಗಾ

ನಮ್ಮಪ್ಪನ ವಿಷಯ ಕೇಳಬೇಕಿತ್ತು. ಮೂರು ಬೋರ್‌ವೆಲ್ ಕೊರೆಸಿದರು, ಮೂರೂ ಫೇಲ್. ಹೋದ ವರ್ಷ ಶೇಂಗಾ ಕೂಡ ಕೈಕೊಟ್ಟಿತು. ಈಗ ನಾಲ್ಕು ತಿಂಗಳಿಂದ ಹೊಟ್ಟೆ ಸಂಕಟ ಅಂತಾರೆ. ಗ್ಯಾಸ್ಟ್ರಿಕ್ ಮಾತ್ರೆ ಡಬ್ಬಿಗಟ್ಟಲೆ ತಿಂದರು, ಸ್ಕ್ಯಾನಿಂಗ್ ಆಯಿತು, ಏನೂ ಇಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಜಗಲಿ ಮೇಲೆ ಕೂರುತ್ತಾರೆ. ದನದ ಹತ್ತಿರವೂ ಹೋಗುವುದಿಲ್ಲ. "ಬೇಜಾರಾ ಅಪ್ಪಾ?" ಅಂತ ಕೇಳಿದರೆ "ನನಗೇನು ಬೇಜಾರು, ಹೊಟ್ಟೆ ಅಷ್ಟೆ" ಅಂತಾರೆ. ಮನಸ್ಸಿನ ಡಾಕ್ಟರ್ ಅಂದರೆ "ನನಗೇನು ಹುಚ್ಚಾ" ಅಂತ ಕೂಗುತ್ತಾರೆ.


ತಾಲ್ಲೂಕು ಆಸ್ಪತ್ರೆ ಸಿಸ್ಟರ್

ಚಳ್ಳಕೆರೆಯವರೇ, ಇದನ್ನು ತಡ ಮಾಡಬೇಡಿ. ಹೊಟ್ಟೆ ನೋವು, ಬೆಳಗಿನ ಜಾವ ಎಚ್ಚರ, ಇಷ್ಟದ ಕೆಲಸದಲ್ಲೂ ಆಸಕ್ತಿ ಇಲ್ಲದಿರುವುದು. ಇವು ಒಟ್ಟಿಗೆ ಬಂದರೆ ಖಿನ್ನತೆ ಇರಬಹುದು, ಡಾಕ್ಟರು ನೋಡಲೇಬೇಕು. ನಮ್ಮ ಒಪಿಡಿಗೆ ದಿನಾ ಇಂಥವರು ಬರುತ್ತಾರೆ. ಬೇಜಾರು ಅಂತ ಹೇಳಿಕೊಂಡು ಬರುವವರು ಕಡಿಮೆ. ಸೊಂಟ ನೋವು, ತಲೆ ಭಾರ, ಮೈಯೆಲ್ಲ ಉರಿ ಅಂತಲೇ ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್ ಮತ್ತು ಸಂಗಡಿಗರು 80 ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಇದನ್ನೇ ಬರೆದಿದ್ದಾರೆ. ಮೈ ನೋವು ಅಂದರೆ ಯಾರೂ ಬೆರಳು ಮಾಡುವುದಿಲ್ಲ. ಬೇಜಾರು, ದುಃಖ ಅಂದರೆ ಮರ್ಯಾದೆ ಹೋಗುತ್ತದೆ, ಮಗಳ ಮದುವೆಗೆ ತೊಂದರೆ ಅನ್ನುವ ಹೆದರಿಕೆ.

ಅಪ್ಪನ ಹತ್ತಿರ ಬೇಜಾರಾ ಅಂತ ಕೇಳಬೇಡಿ. ಸಂಕಟ ಎಲ್ಲಿ, ಯಾವಾಗ ಜಾಸ್ತಿ, ಆಗ ಏನು ನೆನಪಾಗುತ್ತದೆ ಅಂತ ಕೇಳಿ. ಹೊಟ್ಟೆಯಿಂದಲೇ ಶುರು ಮಾಡಿ. ಬದುಕಿ ಏನು ಪ್ರಯೋಜನ ಅನ್ನಿಸುತ್ತದಾ ಅಂತಲೂ ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಹೊಲದ ಔಷಧಿ ಕೈಗೆ ಸಿಗದ ಹಾಗೆ ಬೀಗ ಹಾಕಿ, ಅವತ್ತೇ ಆಸ್ಪತ್ರೆಗೆ ಕರೆತನ್ನಿ.

14416 ಟೆಲಿ ಮಾನಸ್ ನಂಬರ್, ಮನಸ್ಸಿನ ತೊಂದರೆಗೆ ಅಂತ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಫೋನ್ ಮಾಡಿ ಕೇಳಿಕೊಂಡು ಬನ್ನಿ. ಇನ್ನೊಂದು ವಿಷಯ ಗೊತ್ತಿರಲಿ. ಮನಸ್ಸಿನ ಚಿಕಿತ್ಸೆಯನ್ನು ದೊಡ್ಡ ಊರಿನಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರಬಹುದು ಅಂತ ನಿಮ್ಹಾನ್ಸ್‌ನವರು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು 1985ರಲ್ಲಿ, ಪಕ್ಕದ ಬಳ್ಳಾರಿಯಲ್ಲಿ. ಅದನ್ನೇ ನೋಡಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ಸೀಮೆಗೆ ಇದು ಹೊಸದೇನಲ್ಲ.

ವಾಕರ್ ಅವರೇ, ಒಂದು ಎಚ್ಚರಿಕೆ ಎಲ್ಲರಿಗೂ. ಎದೆ ನೋವು ಬಂದಾಗ ಪ್ಯಾನಿಕ್ ಇರಬೇಕು ಅಂತ ಮನೆಯಲ್ಲೇ ಕೂರಬೇಡಿ. ಮೊದಲ ಸಲ ನೀವು ಇಸಿಜಿಗೆ ಹೋಗಿದ್ದು ಸರಿ.


ಬಿ.ಎಸ್ಸಿ. ಕೊನೇ ವರ್ಷ, ದಾವಣಗೆರೆ

ಸಿಸ್ಟರ್, ಖಿನ್ನತೆ ಅಂದರೆ ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಡಿಮೆ ಅಂತ ಎಲ್ಲಾ ಕಡೆ ವಿಡಿಯೋ ಇದೆ. ಮಾತ್ರೆ ಶುರು ಮಾಡಿದರೆ ಬಿಡೋಕೆ ಆಗುವುದಿಲ್ಲ ಅಂತಲೂ ಹೇಳುತ್ತಾರೆ. ನಿಜವಾ?


ತಾಲ್ಲೂಕು ಆಸ್ಪತ್ರೆ ಸಿಸ್ಟರ್

ಸೆರೊಟೋನಿನ್ ಕಡಿಮೆ ಆಗಿದ್ದಕ್ಕೇ ಖಿನ್ನತೆ ಅನ್ನುವಷ್ಟು ಸುಲಭ ಇಲ್ಲ. 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಅಂದಹಾಗೆ ಮೈಯ ಸೆರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ತಯಾರಾಗುವುದು ಕರುಳಿನಲ್ಲಿ. ಆದರೆ ಕಾರಣ ಗೊತ್ತಿಲ್ಲ ಅಂದ ಮಾತ್ರಕ್ಕೆ ಮಾತ್ರೆ ಕೆಲಸ ಮಾಡುವುದಿಲ್ಲ ಅಂತಲ್ಲ. ತುಂಬಾ ಜನರಿಗೆ ಗುಣ ಕಂಡಿದ್ದನ್ನು ನಾನೇ ನೋಡಿದ್ದೇನೆ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಜನ ಹತ್ತು ದಿನಕ್ಕೇ ಬಿಟ್ಟುಬಿಡುತ್ತಾರೆ, ಅದೇ ಸಂಕಟ. ಖಿನ್ನತೆಯ ಮಾತ್ರೆಗೆ ಹೆಂಡದ ಹಾಗೆ ಚಟ ಹತ್ತುವುದಿಲ್ಲ. ಆದರೆ ಏಕಾಏಕಿ ನಿಲ್ಲಿಸಿದರೆ ತಲೆ ಸುತ್ತು, ಚಡಪಡಿಕೆ ಬರಬಹುದು. ಡಾಕ್ಟರಿಗೆ ಹೇಳಿ ನಿಧಾನವಾಗಿ ಇಳಿಸಬೇಕು. ನಿದ್ದೆಗೆ ಅಂತ ಕೊಡುವ ಕೆಲವು ಮಾತ್ರೆಗಳು ಬೇರೆ ಜಾತಿ. ಅವುಗಳಿಗೆ ಚಟ ಹತ್ತುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ.


ಕುಂದವಾಡ ಕೆರೆ ವಾಕರ್, ದಾವಣಗೆರೆ

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ಮೇಷ್ಟ್ರೇ, ನಿಮ್ಮ ಬಂಡೆ-ಕರಡಿ ಕಥೆ ಅತ್ತೆಗೂ ಹೇಳಿದೆ.

ನನ್ನ ಡಾಕ್ಟರು ಮಾತ್ರೆಯ ಜೊತೆ ಎರಡು ಕೆಲಸ ಕೊಟ್ಟಿದ್ದಾರೆ. ಒಂದು ಉಸಿರು. ಕೆರೆಯ ಏರಿ ಮೇಲೆ ಕಲ್ಲು ಬೆಂಚಿನಲ್ಲಿ ಕೂತು ನಿಮಿಷಕ್ಕೆ ಆರು ಉಸಿರಿನ ಲೆಕ್ಕದಲ್ಲಿ ಬಿಡುತ್ತೇನೆ. ಉಸಿರು ಬಿಡುವಾಗ ವೇಗಸ್ ನರ ಹೃದಯವನ್ನು ನಿಧಾನ ಮಾಡುತ್ತದಂತೆ. ನಾಡಿ ಮೇಲೆ ಬೆರಳಿಟ್ಟರೆ ಅದು ಗೊತ್ತಾಗುತ್ತದೆ. ಒಳಗೆ ಎಳೆದಾಗ ಟಕಟಕ, ಹೊರಗೆ ಬಿಟ್ಟಾಗ ಟಕ್... ಟಕ್. ಮೊದಲ ದಿನ ಇದು ಬೆರಳಿಗೆ ಸಿಕ್ಕಾಗ ಖುಷಿಗೆ ಮಗಳಿಗೂ ತೋರಿಸಿದೆ. ಆವತ್ತು ರೈಲಿನ ಡಬ್ಬಿ ಎಣಿಸುವಾಗ ಉಸಿರು ತಾನಾಗಿ ನಿಧಾನ ಆಗಿರಬೇಕು. ಪ್ಯಾನಿಕ್ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯುತ್ತದೆ ಅಂತಲೂ ಡಾಕ್ಟರು ಹೇಳಿದರು. ಅಷ್ಟು ಗೊತ್ತಿದ್ದರೇ ಅರ್ಧ ಹೆದರಿಕೆ ಕಡಿಮೆ.

ಇನ್ನೊಂದು, ಆಗುತ್ತಿರುವುದಕ್ಕೆ ಹೆಸರಿಡುವುದು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ತೋರಿಸಿದ್ದಾರಂತೆ. ಸಿಟ್ಟಿನ ಮುಖ ನೋಡಿ "ಸಿಟ್ಟು" ಅಂತ ಪದ ಆರಿಸಿದ ಕೂಡಲೇ ಅಮಿಗ್ಡಲಾ ಸ್ವಲ್ಪ ತಣ್ಣಗಾಗುತ್ತದೆ, ಹಣೆಯ ಹಿಂದಿನ ಭಾಗ ಚುರುಕಾಗುತ್ತದೆ. ನಾನು ಪುಸ್ತಕದಲ್ಲಿ ಬರೆಯುತ್ತೇನೆ. ಮೊದಮೊದಲು ಎಲ್ಲದಕ್ಕೂ "ಟೆನ್ಷನ್" ಅಂತಲೇ ಬರೆಯುತ್ತಿದ್ದೆ. ಎರಡು ವಾರ ಆದಮೇಲೆ ಅದೇ ಟೆನ್ಷನ್ ಒಳಗೆ ಎಷ್ಟೊಂದು ಸಿಕ್ಕಿತು. ಕಳವಳ, ಅಳುಕು, ದಿಗಿಲು, ಹಳಹಳಿ, ತಳಮಳ, ಮುನಿಸು. ದಿಗಿಲು ಎದೆಯಲ್ಲಿ, ತಳಮಳ ಹೊಟ್ಟೆಯಲ್ಲಿ, ಹಳಹಳಿ ಗಂಟಲಲ್ಲಿ. ಫಿನ್ಲೆಂಡಿನವರು 2014ರಲ್ಲಿ 701 ಜನರಿಗೆ ಮೈಯ ಚಿತ್ರ ಕೊಟ್ಟು, ಯಾವ ಭಾವನೆ ಎಲ್ಲಿ ಅಂತ ಬಣ್ಣ ಹಚ್ಚಿಸಿದರಂತೆ. ಅಲ್ಲಿನವರು, ತೈವಾನಿನವರು ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಹಚ್ಚಿದರು. ಮಗಳು ಡ್ರಾಯಿಂಗ್ ಹಾಳೆಯಲ್ಲಿ ಬರೆದುಕೊಟ್ಟಳು, ನಾನೂ ಹಚ್ಚಿದೆ. ಅತ್ತೆ ಸುಮ್ನೆ ನೋಡುತ್ತಿದ್ದವರು ನೀಲಿ ಪೆನ್ಸಿಲ್ ತೆಗೆದುಕೊಂಡು ಮಂಡಿಯಿಂದ ಕೆಳಗೆ ಪೂರ್ತಿ ತುಂಬಿದರು. "ನಿಮ್ಮ ಮಾವ ಹೋದಾಗಿಂದ ಹೀಗೆ" ಎಂದರು. ಹನ್ನೆರಡು ವರ್ಷದಲ್ಲಿ ಅವರು ಆ ಮಾತು ಎತ್ತಿದ್ದು ಮೊದಲ ಸಲ.


ಚಳ್ಳಕೆರೆ ಶೇಂಗಾ

ಸಿಸ್ಟರ್, ನೀವು ಹೇಳಿದ ಹಾಗೆ ಮಾಡಿದೆ. ಬೆಳಗಿನ ಜಾವ ಮೂರಕ್ಕೆ ನಾನೂ ಎದ್ದು ಜಗಲಿಗೆ ಹೋಗಿ ಪಕ್ಕ ಕೂತೆ. ಗುಡ್ಡದ ಮೇಲೆ ಗಾಳಿಯಂತ್ರದ ಕೆಂಪು ದೀಪಗಳು ಕಾಣುತ್ತಿದ್ದವು. ಸಂಕಟ ಎಲ್ಲಿ ಅಪ್ಪಾ ಅಂದೆ. ಹೊಕ್ಕುಳ ಮೇಲೆ ಕೈ ಇಟ್ಟರು. ಆಗ ಏನು ನೆನಪಾಗುತ್ತದೆ ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. "ಮೂರನೇ ಬೋರಿಗೆ ನಿನ್ನ ಅವ್ವನ ಸರ ಇಟ್ಟಿದ್ದೆ" ಎಂದರು. ಸಾಯಬೇಕು ಅನ್ನಿಸುತ್ತದಾ ಅಂತಲೂ ಕೇಳಿದೆ, ಬಾಯಿ ಒಣಗಿತ್ತು ನನಗೆ. "ಒಂದೆರಡು ಸಲ ಅನ್ನಿಸಿತ್ತು" ಎಂದರು. ಬೆಳಕು ಹರಿಯುವವರೆಗೆ ಅಲ್ಲೇ ಕೂತಿದ್ದೆವು. ಔಷಧಿ ಡಬ್ಬಿಗಳನ್ನೆಲ್ಲ ಚಿಕ್ಕಪ್ಪನ ಮನೆಗೆ ಸಾಗಿಸಿದೆ. ಏಳು ಗಂಟೆ ಬಸ್ಸಿಗೆ ಹೊರಟಿದ್ದೇವೆ, ಮಂಗಳವಾರದವರೆಗೆ ಕಾಯುತ್ತಿಲ್ಲ. ಹೊಟ್ಟೆ ತೋರಿಸೋಕೆ ಅಂತಲೇ ಬರುತ್ತಿದ್ದಾರೆ. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಪ್ಪ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಾರೆ.